ಹಳೇ ಕಾರಿನ ಸೈಲೆನ್ಸರ್ ಕೆಲಸ: ಕ್ಯಾಟ್‌ಕಾನ್ ಬಿಚ್ಚಿಸುವ ಮುಂಚೆ ಇದನ್ನು ಓದಿ

ಗ್ಯಾರೇಜಿನಲ್ಲಿ ಯಾರಾದರೂ "ಲೇಬರ್ ಬೇಡ ಬಿಡಿ ಸಾರ್" ಅಂದರೆ ಒಂದು ನಿಮಿಷ ಯೋಚನೆ ಮಾಡಿ. ನನಗೆ ಈ ಬುದ್ಧಿ ಬಂದಿದ್ದು ತಡವಾಗಿ. ಕ್ಯಾಟ್‌ಕಾನ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಕಾರಿನ ಹೊಗೆಯನ್ನು ಶುದ್ಧ ಮಾಡುವ ಡಬ್ಬ.

ಆಗ ನನ್ನ ಹತ್ತಿರ 2005ರ ಮಾರುತಿ ಜೆನ್ ಇತ್ತು. ಹಿಂದಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿ, ಗಾಡಿ ಟಿಲ್ಲರ್ ಥರ ಕೂಗುತ್ತಿತ್ತು. ಮೆಕ್ಯಾನಿಕ್ ಕೆಳಗೆ ತಲೆ ಹಾಕಿ ನೋಡಿದ. "ಕ್ಯಾಟ್‌ಕಾನ್ ಹೋಗಿದೆ ಸಾರ್. ಅದನ್ನ ತೆಗೆದು ನೇರ ಪೈಪ್ ಹಾಕ್ತೀನಿ, ಪಿಕಪ್ ಜಾಸ್ತಿ ಆಗುತ್ತೆ. ಹಳೇದು ನಾನೇ ಇಟ್ಕೋತೀನಿ, ಲೇಬರ್ ಬೇಡ" ಅಂದ. ನಾನು ಖುಷಿಯಾಗಿ ಹೂಂ ಅಂದೆ.

ಪಿಕಪ್ ಬರಲಿಲ್ಲ, ಸದ್ದು ಬಂತು. ಹಿಂದಿನ ಗಾಜು ಇಳಿಸಿದರೆ ಕಣ್ಣು ಉರಿಯುವ ವಾಸನೆ ಬೇರೆ. ಎರಡು ತಿಂಗಳಾದ ಮೇಲೆ ಪಿಯುಸಿ (ಹೊಗೆ ತಪಾಸಣೆ) ಮಾಡಿಸಲು ಹೋದರೆ ಕಾರ್ಬನ್ ಮಾನಾಕ್ಸೈಡ್ 1.4 ಶೇಕಡಾ ತೋರಿಸಿತು. ಆ ಕಾರಿಗೆ ಇರುವ ಮಿತಿ 0.5. ಕೊನೆಗೆ ಹೊಸ ಕ್ಯಾಟ್‌ಕಾನ್ ಹಾಕಿಸಿದೆ. ಬಿಟ್ಟುಕೊಟ್ಟ ಹಳೇದು ಚೆನ್ನಾಗಿಯೇ ಇತ್ತು ಅಂತ ಈಗ ಅನ್ನಿಸುತ್ತದೆ. ತೂತಾಗಿದ್ದು ಹಿಂದಿನ ಡಬ್ಬ ಮಾತ್ರ.

ಈಗ ನನ್ನ ಹತ್ತಿರ 2004ರ ಮಾರುತಿ ಎಸ್ಟೀಮ್ ಇದೆ. ಅದರ ಸೈಲೆನ್ಸರ್ ಕೆಲಸವನ್ನು ಮೊದಲಿಂದ ಕೊನೆವರೆಗೆ ಪಕ್ಕದಲ್ಲೇ ನಿಂತು ಮಾಡಿಸಿದೆ. ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಕ್ಯಾಟ್‌ಕಾನ್‌ನಿಂದ ಹಿಂದಕ್ಕೆ ಏನು ಬೇಕಾದರೂ ಸರಿ ಮಾಡಿಸಿ. ಕ್ಯಾಟ್‌ಕಾನ್ ಸತ್ತಿದೆ ಅಂತ ಖಾತ್ರಿ ಆಗುವವರೆಗೆ ಅದರ ನಟ್ಟಿಗೆ ಸ್ಪ್ಯಾನರ್ ಹಾಕಲು ಬಿಡಬೇಡಿ.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ನೋಡಿ

ಇಂಜಿನ್‌ನಿಂದ ಹಿಂದಕ್ಕೆ ಬರುತ್ತಾ ಹೆಸರು ಗುರುತಿಟ್ಟುಕೊಳ್ಳಿ. ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಂದುಗೂಡಿಸುವ ಪೈಪ್), ಮುಂದಿನ ಪೈಪ್, ಕ್ಯಾಟ್‌ಕಾನ್, ನಡುವಿನ ಸಣ್ಣ ಡಬ್ಬ, ಹಿಂದಿನ ದೊಡ್ಡ ಡಬ್ಬ. ನಡುವೆ ಅಲ್ಲಲ್ಲಿ ಪ್ಯಾಕಿಂಗ್, ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಫ್ಲ್ಯಾಂಜ್, ಮೇಲಿಂದ ನೇತು ಹಾಕುವ ರಬ್ಬರ್. ಕೆಲವು ಕಾರಿನಲ್ಲಿ ಕ್ಯಾಟ್‌ಕಾನ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡಿರುತ್ತದೆ, ಕೆಲವದರಲ್ಲಿ ಸೀಟಿನ ಕೆಳಗೆ ಇರುತ್ತದೆ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಯಲಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್‌ನಲ್ಲಿ, ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಖಂಡಿತ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಸುತ್ತುವಷ್ಟರಲ್ಲಿ ತಡ ಆಗಿರುತ್ತದೆ. ಸಹಾಯಕ್ಕೆ ಒಬ್ಬರನ್ನು ಕರೆದು, ದಪ್ಪ ಒದ್ದೆ ಬಟ್ಟೆಯನ್ನು ಹಿಂದಿನ ಪೈಪಿನ ಬಾಯಿಗೆ ಕೆಲವು ಸೆಕೆಂಡು ಒತ್ತಿ ಹಿಡಿಯಲು ಹೇಳಿ. ಎಲ್ಲಾ ಸರಿ ಇದ್ದರೆ ಬಟ್ಟೆಯನ್ನು ಗಾಳಿ ಜೋರಾಗಿ ತಳ್ಳುತ್ತದೆ. ಎಲ್ಲೋ ಸೋರುತ್ತಿದ್ದರೆ ಅಲ್ಲಿಂದ "ಚುಸ್ ಚುಸ್" ಅಂತ ಕೇಳಿಸುತ್ತದೆ. ಆ ಜಾಗದಲ್ಲಿ ಕಪ್ಪು ಮಸಿ ಕೂತಿರುತ್ತದೆ.

ಹಳೇ ಕಾರಿನಲ್ಲಿ ಮೊದಲು ಹೋಗುವುದು ಹಿಂದಿನ ಡಬ್ಬ. ಕಾರಣ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಬರುತ್ತದೆ. ದೂರ ಓಡಿಸಿದರೆ ಅದು ಹಾರಿಹೋಗುತ್ತದೆ. ಹಾಲು ತರಲು, ಮಗುವನ್ನು ಸ್ಕೂಲಿಗೆ ಬಿಡಲು ಮಾತ್ರ ಕಾರು ತೆಗೆಯುವವರ ಸೈಲೆನ್ಸರ್‌ನಲ್ಲಿ ಅದು ಅಲ್ಲೇ ನಿಂತು ಒಳಗಿಂದ ತಿನ್ನುತ್ತದೆ. ಆದ್ದರಿಂದ ಕಡಿಮೆ ಓಡಿದ ಕಾರಿನ ಸೈಲೆನ್ಸರ್ ಬೇಗ ಹೋದರೆ ಆಶ್ಚರ್ಯ ಪಡಬೇಡಿ.

ಕ್ಯಾಟ್‌ಕಾನ್ ನಿಜವಾಗಿ ಸತ್ತಿದೆಯಾ?

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಯಾಟ್‌ಕಾನ್ ಡಬ್ಬದ ಒಳಗೆ ಪಿಂಗಾಣಿಯ ಒಂದು ತುಂಡು ಇರುತ್ತದೆ. ಮುಖದಿಂದ ನೋಡಿದರೆ ಶಾವಿಗೆ ಒರಳಿನ ಬಿಲ್ಲೆ ಥರ ಕಾಣುತ್ತದೆ. ತೂತುಗಳು ಮಾತ್ರ ಚೌಕ, ಅದಕ್ಕಿಂತ ಎಷ್ಟೋ ಸಣ್ಣವು. ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400 ತೂತು. ಆ ತೂತಿನ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಬಳಿದಿರುತ್ತಾರೆ. ಹೊಗೆ ಇವುಗಳನ್ನು ಸವರಿಕೊಂಡು ಹೋಗುವಾಗ ಕಾರ್ಬನ್ ಮಾನಾಕ್ಸೈಡ್ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ, ಉರಿಯದೆ ಉಳಿದ ಪೆಟ್ರೋಲ್ ಅಲ್ಲೇ ಉರಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಮತ್ತೆ ನೈಟ್ರೋಜನ್ ಆಗುತ್ತದೆ. ಇದೆಲ್ಲ ಸುಮಾರು 250ರಿಂದ 300 ಡಿಗ್ರಿ ಬಿಸಿ ಏರಿದ ಮೇಲೆ ಶುರುವಾಗುತ್ತದೆ. ತಣ್ಣಗಿರುವ ಕಾರನ್ನು ತೆಗೆದುಕೊಂಡು ಹೋಗಿ ಪಿಯುಸಿ ಮಾಡಿಸಿ "ಫೇಲ್ ಆಯ್ತು" ಅಂದರೆ ಅದು ಕ್ಯಾಟ್‌ಕಾನ್ ತಪ್ಪಲ್ಲ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಹೋಗಿ.

ಪರೀಕ್ಷೆ ಮಾಡಲು ನಾಲ್ಕು ದಾರಿ ಇವೆ. ಮೊದಲನೆಯದಕ್ಕೆ ದುಡ್ಡು ಬೇಡ. ಕಾರು ಪೂರ್ತಿ ತಣ್ಣಗಾದ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಅಂದರೆ ಪಿಂಗಾಣಿ ಒಡೆದಿದೆ ಅಂತ ಅರ್ಥ. ಬಿಸಿ ತಡೆಯಲು ಹಾಕಿರುವ ತಗಡು ಗುರಾಣಿ ಸಡಿಲವಾಗಿದ್ದರೂ ಇದೇ ಸದ್ದು ಬರುತ್ತದೆ. ಅದನ್ನು ಕೈಯಲ್ಲಿ ಒತ್ತಿ ಹಿಡಿದು ಮತ್ತೊಮ್ಮೆ ತಟ್ಟಿ.

ಎರಡನೆಯದು ಬಿಸಿ ಅಳೆಯುವ ಗನ್. ಕಾರು ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಇಟ್ಟು, ಹೊಗೆ ಒಳಗೆ ಹೋಗುವ ಕಡೆ ಮತ್ತು ಹೊರಗೆ ಬರುವ ಕಡೆ ಅಳೆಯಿರಿ. ಹೊರಗಿನದು ಸಮ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಕೆಲಸ ನಡೆಯುತ್ತಿದೆ. ಇದು ಸುಳಿವು ಮಾತ್ರ, ತೀರ್ಪು ಅಲ್ಲ.

ಮೂರನೆಯದು ನನಗೆ ಇಷ್ಟವಾದದ್ದು. ಕ್ಯಾಟ್‌ಕಾನ್‌ಗೆ ಮುಂಚೆ ಇರುವ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕುವುದು. ಐಡಲ್‌ನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಒಳಗೆ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇದ್ದರೆ ಕಟ್ಟಿಕೊಂಡಿಲ್ಲ. ನನ್ನ ಎಸ್ಟೀಮ್‌ನಲ್ಲಿ ಮುಳ್ಳು ಒಂದರ ಹತ್ತಿರವೂ ಬರಲಿಲ್ಲ. ಅದನ್ನು ನೋಡಿ ಮೆಕ್ಯಾನಿಕ್ಕೇ, "ಇದು ಇನ್ನೂ ಗಟ್ಟಿ ಇದೆ ಸಾರ್, ಸುಮ್ನೆ ಬಿಡಿ" ಅಂದ. ಗೇಜ್ ತೋರಿಸದೆ "ಹೋಗಿದೆ" ಅನ್ನುವವರ ಮಾತು ನಂಬಬೇಡಿ.

ನಾಲ್ಕನೆಯದು ಪಿಯುಸಿ ಚೀಟಿ. ಅದರಲ್ಲಿ ಪಾಸ್, ಫೇಲ್ ಬಿಟ್ಟು ಅಂಕಿ ನೋಡಿ. ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಗೆ ಮಿತಿಯ ಸರ್ಕಾರಿ ದರ್ಜೆ. ಬಿಎಸ್ 2 ಮತ್ತು ಬಿಎಸ್ 3 ಪೆಟ್ರೋಲ್ ಕಾರಿಗೆ ಮಾನಾಕ್ಸೈಡ್ 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಬಿಎಸ್ 4 ಆದರೆ 0.3 ಮತ್ತು 200. ಬಿಎಸ್ 2ಕ್ಕೂ ಹಿಂದಿನದಕ್ಕೆ 3 ಶೇಕಡಾ, 1500 ಪಿಪಿಎಂ. ಹಳೇ ಚೀಟಿಗಳನ್ನು ಎಸೆಯಬೇಡಿ. ಪ್ರತಿ ಸಲ ಅಂಕಿ ಏರುತ್ತಾ ಬಂದಿದ್ದರೆ ಏನೋ ಕೆಡುತ್ತಿದೆ.

ನಿಮ್ಮದು ತೊಂಬತ್ತರ ದಶಕದ ಕಾರಾದರೆ ಕ್ಯಾಟ್‌ಕಾನ್ ಹುಟ್ಟಿನಿಂದಲೇ ಇಲ್ಲದಿರಬಹುದು. 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಮಾತ್ರ ಹೊಸ ಪೆಟ್ರೋಲ್ ಕಾರಿಗೆ ಅದು ಕಡ್ಡಾಯವಾಯಿತು. ಸೀಸ ಇಲ್ಲದ ಪೆಟ್ರೋಲ್ ಆಗ ಅಲ್ಲಿ ಸಿಗುತ್ತಿತ್ತು. ಸೀಸ ಬೆರೆತ ಪೆಟ್ರೋಲ್ ಹಾಕಿದರೆ ಕ್ಯಾಟ್‌ಕಾನ್‌ಗೆ ವಿಷ ಹಾಕಿದ ಹಾಗೆ. ಇಡೀ ದೇಶಕ್ಕೆ ಸೀಸರಹಿತ ಪೆಟ್ರೋಲ್ ಬಂದಿದ್ದು 2000ದಲ್ಲಿ.

ಸತ್ತಿದೆ ಅಂತಲೇ ಗೊತ್ತಾದರೆ, ಹೊಸದು ತರುವ ಮುಂಚೆ ಯಾಕೆ ಸತ್ತಿತು ಅಂತ ಕೇಳಿ. ಕ್ಯಾಟ್‌ಕಾನ್ ತಾನಾಗಿ ಸಾಯುವುದು ಕಡಿಮೆ, ಬೇರೆ ಯಾರೋ ಕೊಂದಿರುತ್ತಾರೆ. ಒಂದು ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಹಸಿ ಪೆಟ್ರೋಲ್ ಹೋಗಿ ಒಳಗೆ ಉರಿದು ಪಿಂಗಾಣಿ ಕರಗುತ್ತದೆ. ಬ್ಯಾಟರಿ ಹೋದಾಗ ಪದೇ ಪದೇ ತಳ್ಳಿ ಸ್ಟಾರ್ಟ್ ಮಾಡಿದರೂ ಇದೇ ಕಥೆ. ಇಂಜಿನ್ ಆಯಿಲ್ ತಿನ್ನುತ್ತಿದ್ದರೆ ಅದರ ಬೂದಿ ಕೂತು ತೂತು ಮುಚ್ಚುತ್ತದೆ. ಇದನ್ನು ಸರಿ ಮಾಡದೆ ಹೊಸದು ಹಾಕಿದರೆ ಅದೂ ಬೇಗನೇ ಹೋಗುತ್ತದೆ.

ಪೈಪ್ ಎಷ್ಟು ದಪ್ಪ?

"ದಪ್ಪ ಪೈಪ್ ಹಾಕಿದರೆ ಪವರ್" ಅಂತ ಒಂದು ಗುಂಪು. "ಬ್ಯಾಕ್ ಪ್ರೆಶರ್ ಬೇಕು, ಇಲ್ಲಾಂದ್ರೆ ಇಂಜಿನ್ ಹೋಗುತ್ತೆ" ಅಂತ ಇನ್ನೊಂದು. ಇಬ್ಬರೂ ಅರ್ಧ ಸರಿ. ಇಂಜಿನ್‌ಗೆ ಬೇಕಾಗಿರುವುದು ತಡೆ ಅಲ್ಲ, ಹೊಗೆಯ ವೇಗ. ಅಜ್ಜಿ ಒಲೆ ಊದಲು ಊದುಗೊಳವೆ ಹಿಡಿಯುತ್ತಿದ್ದಳು, ಅಲ್ವಾ? ಅದೇ ಉಸಿರನ್ನು ಬಕೆಟ್ ಬಾಯಿಂದ ಊದಿದರೆ ಕೆಂಡಕ್ಕೆ ತಲುಪುವುದಿಲ್ಲ. ಪೈಪ್ ಹದವಾಗಿದ್ದರೆ ಒಂದು ಸಿಲಿಂಡರಿನ ಹೊಗೆ ವೇಗವಾಗಿ ಓಡಿ, ತನ್ನ ಹಿಂದೆ ಖಾಲಿ ಜಾಗ ಬಿಟ್ಟು, ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ತೀರಾ ದಪ್ಪವಾದರೆ ಹೊಗೆ ನಿಧಾನವಾಗಿ ತಣ್ಣಗಾಗುತ್ತದೆ. ಆಗ ಊರೊಳಗೆ ಎರಡನೇ ಗೇರಿನಲ್ಲಿ ಗಾಡಿ ಮಂಕಾಗುತ್ತದೆ.

85 ಕುದುರೆ ಶಕ್ತಿಯ, 1298 ಸಿಸಿ ಎಸ್ಟೀಮ್‌ಗೆ ನಾನು ಒಂದೂಮುಕ್ಕಾಲು ಇಂಚಿನ ಪೈಪ್ ಹಾಕಿಸಿದೆ. ಈ ಅಳತೆಯ ಇಂಜಿನ್‌ಗೆ ಎರಡು ಇಂಚು ದಾಟುವುದು ಬರೀ ಸದ್ದಿಗೆ. 800 ಸಿಸಿ ಕಾರಿಗೆ ಕಂಪನಿ ಅಳತೆಯೇ ಸಾಕು, ಕೈ ಹಾಕಬೇಡಿ. ಆರೋಗ್ಯವಾಗಿರುವ ಕ್ಯಾಟ್‌ಕಾನ್ ತೆಗೆದರೆ ಇಂಥ ಇಂಜಿನ್‌ಗೆ ಸಿಗುವ ಲಾಭ ಬಹಳ ಅಂದರೆ ಒಂದೆರಡು ಕುದುರೆ. ಏರ್ ಫಿಲ್ಟರ್ ಬದಲಿಸಿ, ಟೈರ್‌ಗೆ ಸರಿಯಾಗಿ ಗಾಳಿ ಹೊಡೆಸಿದರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಗೊತ್ತಾಗುತ್ತದೆ.

ಲೋಹದ ಬಗ್ಗೆ ಹೇಳುವುದಾದರೆ, ಸಾದಾ ಕಬ್ಬಿಣದ ಪೈಪ್ ಅಗ್ಗ, ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ 409 ಅನ್ನುವುದು ಕಾರು ಕಂಪನಿಗಳು ಬಳಸುವ ದರ್ಜೆ, 304 ಇನ್ನೂ ಒಳ್ಳೆಯದು. ಮಂಗಳೂರು, ಉಡುಪಿ ಕಡೆಯವರು ಉಪ್ಪುಗಾಳಿಯಲ್ಲಿ ಕಬ್ಬಿಣದ ಪೈಪ್ ಹಾಕಿಸಬೇಡಿ, ದುಡ್ಡು ದಂಡ. ಬೆಂಡ್ ಮಾಡಿದ ಜಾಗವನ್ನು ಕೈಯಲ್ಲಿ ಮುಟ್ಟಿ ನೋಡಿ. ಅಲ್ಲಿ ಪೈಪ್ ಚಪ್ಪಟೆಯಾಗಿ ಸುಕ್ಕು ಬಿದ್ದಿದ್ದರೆ ಅಷ್ಟು ಜಾಗ ಕಿರಿದಾಯಿತು ಅಂತ ಅರ್ಥ.

ಬಿಚ್ಚುವುದು, ಕೂರಿಸುವುದು

ಹಿಂದಿನ ದಿನ ಸಂಜೆಯೇ ಎಲ್ಲಾ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ. ಇಪ್ಪತ್ತು ವರ್ಷ ಬಿಸಿ, ಮಳೆ ತಿಂದ ನಟ್ಟು ಮಾತು ಕೇಳುವುದಿಲ್ಲ. ನನ್ನದರಲ್ಲಿ ಮೂರು ನಟ್ಟಿನಲ್ಲಿ ಒಂದು ಟಕ್ ಅಂತ ಮುರಿಯಿತು. ಮೆಕ್ಯಾನಿಕ್ ಬೈದುಕೊಂಡೇ ಡ್ರಿಲ್ ಹಾಕಿ ತೆಗೆದ. ಮುರಿಯುತ್ತದೆ ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೊಸ ಬೋಲ್ಟ್, ಹೊಸ ಪ್ಯಾಕಿಂಗ್, ಹೊಸ ರಬ್ಬರ್ ಮೂರನ್ನೂ ತಂದಿಟ್ಟುಕೊಳ್ಳಿ. ಹಳೇ ಪ್ಯಾಕಿಂಗ್ ಮತ್ತೆ ಹಾಕಲು ಬಿಡಬೇಡಿ. ಬೆಂಗಳೂರಿನಲ್ಲಾದರೆ ಇದೆಲ್ಲ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ.

ಮನೆಯಲ್ಲೇ ಮಾಡುವವರು ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ. ಪೈಪ್ ತಣ್ಣಗಾಗಲು ಎರಡು ಗಂಟೆಯಾದರೂ ಬಿಡಿ. ಆಕ್ಸಿಜನ್ ಸೆನ್ಸರ್‌ನ ವೈರ್ ಎಳೆಯಬೇಡಿ. 22ರ ಸ್ಪ್ಯಾನರ್ ಬೇಕು, ಇಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಸುಲಭವಾಗಿ ಬರುತ್ತದೆ.

ಕಾರಿನ ಮೇಲೆಯೇ ವೆಲ್ಡಿಂಗ್ ಮಾಡುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಇಲ್ಲದಿದ್ದರೆ ಇಂಜಿನ್ ಕಂಟ್ರೋಲ್ ಯೂನಿಟ್ (ಕಾರಿನ ಕಂಪ್ಯೂಟರ್) ಸುಟ್ಟುಹೋಗಬಹುದು, ಆಗ ಸೈಲೆನ್ಸರ್ ಖರ್ಚು ತಮಾಷೆ ಅನ್ನಿಸುತ್ತದೆ. ಪೆಟ್ರೋಲ್ ಟ್ಯಾಂಕ್ ಹತ್ತಿರ ಅಂತೂ ಬೇಡವೇ ಬೇಡ. ಅಳತೆಗೆ ಕೂರಿಸಿ, ಚಾಕ್‌ನಲ್ಲಿ ಗುರುತು ಹಾಕಿ, ಕೆಳಗಿಳಿಸಿ, ಬೆಂಚಿನ ಮೇಲೆ ವೆಲ್ಡ್ ಮಾಡಿಸಿ. ಗೇಟು ಗ್ರಿಲ್ ಮಾಡುವವರ ಆರ್ಕ್ ವೆಲ್ಡಿಂಗ್ ತೆಳು ಪೈಪನ್ನು ತೂತು ಮಾಡುತ್ತದೆ. ತೆಳು ಲೋಹಕ್ಕೆ ಹೊಂದುವ ಮಿಗ್ ಅಥವಾ ಟಿಗ್ ವೆಲ್ಡಿಂಗ್ ಇರುವ ಕಡೆ ಹೋಗಿ.

ಕೂರಿಸಿದ ಮೇಲೆ ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್, ಟ್ಯಾಂಕ್ ಇವುಗಳಿಂದ ದೂರ ಇದೆಯಾ ನೋಡಿ. ಪೈಪನ್ನು ಕೈಯಲ್ಲಿ ಅಲುಗಾಡಿಸಿದರೆ ಎಲ್ಲೂ ಬಾಡಿಗೆ ತಾಗಬಾರದು. ಡಬ್ಬದ ಕೆಳಗೆ, ಅತಿ ತಗ್ಗಿನ ಜಾಗದಲ್ಲಿ ನೀರು ಇಳಿಯಲು ಪುಟ್ಟ ತೂತು ಇರಬೇಕು. "ಸೋರುತ್ತೆ" ಅಂತ ಅದನ್ನು ಮುಚ್ಚಿಸಿದವರನ್ನು ನೋಡಿದ್ದೇನೆ.

ತಗಡು ಗುರಾಣಿಯನ್ನು ಮರೆಯದೆ ವಾಪಸ್ ಹಾಕಿಸಿ. ಹಳ್ಳಿ ರಸ್ತೆಗಳಲ್ಲಿ ಸುಗ್ಗಿ ಕಾಲಕ್ಕೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಆ ಹುಲ್ಲು ಕಾರಿನ ಕೆಳಗೆ ಸುತ್ತಿಕೊಂಡು, ಬಿಸಿ ಪೈಪಿಗೆ ತಾಗಿ ಬೆಂಕಿ ಹತ್ತಿದ್ದೂ ಉಂಟು. ಅಂಥ ರಸ್ತೆ ದಾಟಿದ ಮೇಲೆ ನಿಲ್ಲಿಸಿ ಕೆಳಗೆ ಒಂದು ಸಲ ಬಗ್ಗಿ ನೋಡುವುದು ನನಗಂತೂ ಅಭ್ಯಾಸವಾಗಿದೆ.

ನೂರು ಕಿಲೋಮೀಟರ್ ಓಡಿಸಿ ವಾಪಸ್ ಹೋಗಿ ಬೋಲ್ಟ್ ಬಿಗಿ ಮಾಡಿಸಿ. ಆಮೇಲೆ ಬಿಸಿ ಇಂಜಿನ್‌ನಲ್ಲೇ ಹೊಸ ಪಿಯುಸಿ ಮಾಡಿಸಿ.

ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ಬದಲಾವಣೆಗೆ ಪ್ರತಿಯೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೊಗೆ, ಸದ್ದಿನ ಮಿತಿ ಮೀರಿದರೆ 190ನೇ ಸೆಕ್ಷನ್ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಹಾಕಬಹುದು, ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ರಸ್ತೆಯಲ್ಲಿ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ಫೋಟೋಗಳನ್ನು ಪೇಪರಿನಲ್ಲಿ ನೀವೂ ನೋಡಿರುತ್ತೀರಿ. ಕಂಪನಿ ಡಬ್ಬದ ಬದಲಿಗೆ ಅಷ್ಟೇ ಸದ್ದಿನ ಡಬ್ಬ ಹಾಕುವುದು ರಿಪೇರಿ. ಕ್ಯಾಟ್‌ಕಾನ್ ತೆಗೆಯುವುದು ರಿಪೇರಿ ಅಲ್ಲ. 15 ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣದ ಚಿಂತೆಯೂ ಇರುತ್ತದೆ, ಆಗ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಲೇಬೇಕು.

ಆಕ್ಸಿಜನ್ ಸೆನ್ಸರ್‌ಗೆ ವಾಷರ್ ಥರದ್ದು ಸಿಕ್ಕಿಸಿ ಕಾರಿನ ಕಂಪ್ಯೂಟರನ್ನು ಯಾಮಾರಿಸುವ ಐಡಿಯಾ ಕೊಡುವವರೂ ಇದ್ದಾರೆ. ಡ್ಯಾಶ್‌ಬೋರ್ಡ್ ದೀಪ ಆರಬಹುದು, ಹೊಗೆ ಆರುವುದಿಲ್ಲ.

ಸತ್ತ ಕ್ಯಾಟ್‌ಕಾನ್ ಮಾರುವುದು

ನಿಜವಾಗಿ ಸತ್ತಿದ್ದು, ಹೊಸದು ಹಾಕಿಸಿದ ಮೇಲೆ ಹಳೇದು ನಿಮ್ಮದು. ಕೆಲಸ ಶುರುವಾಗುವ ಮುಂಚೆಯೇ "ಹಳೇ ಪಾರ್ಟ್ ನನಗೆ ಬೇಕು" ಅಂತ ಹೇಳಿಬಿಡಿ. ಆ ಒಂದು ಮಾತಿಗೆ ಕೆಲವು ಕಡೆ ಕ್ಯಾಟ್‌ಕಾನ್ ಇದ್ದಕ್ಕಿದ್ದಂತೆ ಗುಣವಾಗಿಬಿಡುತ್ತದೆ!

ಬೆಲೆ ಇರುವುದು ಆ ಕೆಲವೇ ಗ್ರಾಂ ಲೋಹಕ್ಕೆ. ಅದು ದಿನಾ ಏರಿಳಿಯುತ್ತದೆ. ರೋಡಿಯಂ 2021ರಲ್ಲಿ ಒಂದು ಔನ್ಸ್‌ಗೆ 29,000 ಡಾಲರ್ ಹತ್ತಿರ ಹೋಗಿತ್ತು, 2023ರಲ್ಲಿ 5,000ಕ್ಕಿಂತ ಕೆಳಗೆ ಬಿತ್ತು. ಆದ್ದರಿಂದ "ನನ್ನ ಸ್ನೇಹಿತನಿಗೆ ಅಷ್ಟು ಕೊಟ್ಟರು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಂಪನಿಯಿಂದ ಬಂದ ಒರಿಜಿನಲ್‌ಗೆ ಬೆಲೆ ಜಾಸ್ತಿ. ಅಂಗಡಿಯಲ್ಲಿ ಸಿಗುವ ಅಗ್ಗದ ಬದಲಿ ಮಾಲಿನಲ್ಲಿ ಲೋಹ ಕಡಿಮೆ.

ಸ್ನೇಹಿತನೊಬ್ಬನ ಹಳೇ ಕ್ಯಾಟ್‌ಕಾನ್ ಹಿಡಿದುಕೊಂಡು ಶಿವಾಜಿನಗರದ ಗುಜರಿ ಬೀದಿಗೆ ಹೋಗಿದ್ದೆವು. ಅಂಗಡಿಯವನು ಅದನ್ನು ಕೈಯಲ್ಲಿ ತೂಗಿದ, ಮೊಬೈಲ್ ಟಾರ್ಚ್ ಹಾಕಿ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ, ಬಾಯಿ ಕೆಳಗೆ ಮಾಡಿ ಕುಲುಕಿದ. ಬೂದು ಬಣ್ಣದ ಪುಡಿ ಅಂಗೈಗೆ ಬಿತ್ತು. "ಅರ್ಧ ಮಾಲು ಉದುರಿ ಹೋಗಿದೆ ಸಾರ್, ಸಾವಿರದೈನೂರು" ಅಂದ. ಎರಡು ಅಂಗಡಿ ಆಚೆ ಅದೇ ಡಬ್ಬಕ್ಕೆ ನಾಲ್ಕು ಸಾವಿರ ಹೇಳಿದರು. ಅವರು ಕುಲುಕಲಿಲ್ಲ. ಡಬ್ಬದ ಮೇಲೆ ಕೊರೆದಿದ್ದ ನಂಬರನ್ನು ಬಟ್ಟೆಯಲ್ಲಿ ಒರೆಸಿ, ಫೋಟೋ ತೆಗೆದು ಯಾರಿಗೋ ಕಳಿಸಿದರು. ಬೆಲೆ ಗೊತ್ತಿರುವ ವ್ಯಾಪಾರಿ ಕೇಳುವುದು ಆ ನಂಬರನ್ನೇ. ಹೋಗುವ ಮುಂಚೆ ನೀವೇ ಅದನ್ನು ಬರೆದಿಟ್ಟುಕೊಂಡು, ಕನಿಷ್ಠ ಮೂರು ಕಡೆ ವಿಚಾರಿಸಿ.

ಡಬ್ಬವನ್ನು ಮನೆಯಲ್ಲಿ ಕತ್ತರಿಸಿ "ಮಾಲು" ಬೇರೆ ಮಾಡಿ ಮಾರುವ ಆಸೆ ಬೇಡ. ಪಿಂಗಾಣಿ ಪುಡಿ, ಅದರ ಸುತ್ತ ಇರುವ ನಾರಿನ ಹೊದಿಕೆ ಎರಡೂ ಶ್ವಾಸಕೋಶಕ್ಕೆ ಕೆಟ್ಟದ್ದು. ಒಡೆದಿದ್ದರೆ ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮಾಸ್ಕ್ ಹಾಕಿಕೊಂಡು ಎತ್ತಿ.

ಇಡೀ ಕಾರನ್ನೇ ಗುಜರಿಗೆ ಹಾಕುವುದಾದರೆ ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ. ಕಾರು ಒಪ್ಪಿಸಿದ್ದಕ್ಕೆ ಡೆಪಾಸಿಟ್ ಸರ್ಟಿಫಿಕೇಟ್ ಸಿಗುತ್ತದೆ, ಆರ್‌ಸಿ ರದ್ದಾಗುತ್ತದೆ. ಕ್ಯಾಟ್‌ಕಾನ್ ಮೊದಲೇ ಬಿಚ್ಚಿ ಮಾರಿಕೊಂಡು ಹೋದರೆ ರೇಟು ಇಳಿಸುತ್ತಾರೆ ಅನ್ನುವುದು ನೆನಪಿರಲಿ.

ಬಿಡಿಯಾಗಿ ಮಾರಿದರೆ ರಸೀದಿ ಕೇಳಿ. ಹಲವು ರಾಜ್ಯಗಳಲ್ಲಿ ಮಾರುತಿ ಈಕೋ ವ್ಯಾನಿನ ಸೈಲೆನ್ಸರ್ ಕದಿಯುವ ಗುಂಪುಗಳನ್ನು ಪೊಲೀಸರು ಹಿಡಿದಿದ್ದಾರೆ, ಅವರಿಗೂ ಬೇಕಾಗಿದ್ದು ಇದೇ ಪುಡಿ. ಹಾಗಾಗಿ ಒಳ್ಳೆ ವ್ಯಾಪಾರಿ ನಿಮ್ಮ ಹತ್ತಿರ ಆರ್‌ಸಿ ಜೆರಾಕ್ಸ್ ಕೇಳಬಹುದು. ಬೇಜಾರು ಮಾಡಿಕೊಳ್ಳದೆ ಕೊಡಿ, ಜೆರಾಕ್ಸ್ ಮೇಲೆ ಯಾಕೆ ಕೊಟ್ಟಿದ್ದು ಅಂತ ಬರೆದು, ತಾರೀಖು ಹಾಕಿ, ಅಡ್ಡ ಗೆರೆ ಎಳೆಯಿರಿ. ಹೊಸ ಕ್ಯಾಟ್‌ಕಾನ್‌ನ ಬಿಲ್, ಹಳೇದರ ರಸೀದಿ, ಹೊಸ ಪಿಯುಸಿ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಬಿಡಿ.